ಆರನೇ ಮಹಡಿಯಿಂದ ಇನ್ನೂ ಇಳಿಯದ ಮಾವ

ಮನೆಯಲ್ಲಿ ಅವಳನ್ನು ಎಲ್ಲರೂ ಹುಳ ಎಂದೇ ಕರೆಯುತ್ತಿದ್ದರು. ಪುಸ್ತಕದ ಹುಳ ಎಂದು ಶುರುವಾದದ್ದು. ಕೂಗಿ ಕರೆಯುವವರಿಗೆ ಉದ್ದವಾಯಿತೆಂದು ಪುಸ್ತಕ ಬಿದ್ದುಹೋಗಿ ಹುಳ ಮಾತ್ರ ಉಳಿಯಿತು. ಅವಳಿಗೆ ಓದುವುದೆಂದರೆ ಕಾದಂಬರಿ, ಅದು ಮುಗಿದರೆ ಇನ್ನೊಂದು ಕಾದಂಬರಿ. ಕಾಲೇಜಿನ ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಲೈಬ್ರರಿಯ ಕಾದಂಬರಿ ಕಪಾಟನ್ನು ಆ ತುದಿಯಿಂದ ಈ ತುದಿಗೆ ಎರಡು ಸಲ ಮೇಯ್ದು ಮುಗಿಸಿದ್ದಳು. ಲೈಬ್ರರಿಯವನು ಅವಳನ್ನು ಕಂಡರೆ "ಬರೆಯೋರಿಗೂ ಸ್ವಲ್ಪ ಟೈಮ್ ಕೊಡಮ್ಮ ತಾಯಿ" ಎನ್ನುತ್ತಿದ್ದ.

ಅವಳದೊಂದು ಸಿದ್ಧಾಂತವಿತ್ತು. ಕಾದಂಬರಿಯವನು ಮೊದಲ ಪುಟದಲ್ಲೇ 'ಇದೆಲ್ಲ ಬರೀ ಕಲ್ಪನೆ' ಎಂದು ತಪ್ಪೊಪ್ಪಿಕೊಂಡುಬಿಡುತ್ತಾನೆ, ಆಮೇಲೆ ಮುನ್ನೂರು ಪುಟ ಒಂದೇ ಒಂದು ಸುಳ್ಳು ಹೇಳುವುದಿಲ್ಲ. ನಿಜ ಬರೆಯುವವನು ಮೊದಲ ಪುಟದಲ್ಲೇ 'ಇದ್ದದ್ದು ಇದ್ದ ಹಾಗೆ' ಎಂದು ಎದೆ ತಟ್ಟಿಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು! ಯಾವ ಆತ್ಮಕತೆ ಬೇಕಾದರೂ ತೆಗೆಯಿರಿ. ಚಿಕ್ಕಂದಿನಲ್ಲಿ ಒಂದು ಸುಳ್ಳು ಹೇಳಿ ಸಿಕ್ಕಿಬೀಳದವನಿಲ್ಲ, ದೊಡ್ಡವನಾದ ಮೇಲೆ ಒಂದಾದರೂ ಹೇಳಿದವನಿಲ್ಲ. ಕಾದಂಬರಿಯಲ್ಲಿ ಗಂಡ ಹೆಂಡತಿ ಜಗಳವಾಡುವಾಗ ಒಲೆಯ ಮೇಲೆ ಹಾಲು ಉಕ್ಕುತ್ತದೆ. ಜೀವನಚರಿತ್ರೆಯಲ್ಲಿ ಹಾಲೂ ಇಲ್ಲ, ಒಲೆಯೂ ಇಲ್ಲ, ಹೆಂಡತಿ ಎಂಬುವಳು ಮುನ್ನುಡಿಯ ಕೊನೆಯ ಸಾಲಿನಲ್ಲಿ ಕೈಮುಗಿಸಿಕೊಂಡು ಹೋಗಿಬಿಡುತ್ತಾಳೆ. ಹುಳ ಇದನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು.

ಸಿದ್ಧಾಂತವೇನೋ ಸರಿ, ಪರೀಕ್ಷೆ ಅದಕ್ಕೆಲ್ಲ ಬಗ್ಗುವುದಿಲ್ಲವಲ್ಲ. ಕಾಲೇಜಿನಲ್ಲಿ 'ವಾಸ್ತವ ಬರವಣಿಗೆ' ಎಂದೊಂದು ವಿಷಯವಿತ್ತು. ಅದರಲ್ಲಿ ಹುಳ ಎರಡು ಸಲ ಡುಮ್ಕಿ ಹೊಡೆದಿದ್ದಳು. ಮೊದಲ ಸಲ 'ನಮ್ಮ ಬೀದಿಯ ಒಂದು ದಿನ' ಬರೆಯುತ್ತ ಬೀದಿ ತೀರಾ ಸಪ್ಪೆಯೆನಿಸಿ ಒಂದು ಆನೆಯನ್ನು ನಡೆಸಿಬಿಟ್ಟಳು. ಎರಡನೇ ಸಲ ಬೀದಿಯ ದರ್ಜಿಯ ಜೀವನಚಿತ್ರ ಬರೆದು ಅವನಿಗೊಬ್ಬಳು ಗುಟ್ಟಿನ ಪ್ರೇಯಸಿಯನ್ನು ದಯಪಾಲಿಸಿದಳು. ದರ್ಜಿಯ ಹೆಂಡತಿ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಕಾಲೇಜಿಗೆ ಬಂದು "ಯಾರವಳು? ವಿಳಾಸ ಕೊಡಿ" ಎಂದು ಕೂತಳು. ಮೂರನೇ ಸಲವೂ ಹೋದರೆ ಕಾಲೇಜಿನಿಂದಲೇ ಹೆಸರು ತೆಗೆಯುತ್ತಾರೆ ಎಂಬುದು ನಿಯಮ.

ವಾಸ್ತವ ಬರವಣಿಗೆ ಕಲಿಸುತ್ತಿದ್ದವರಿಗೆ ಪುರಾವೆ ಮೇಷ್ಟ್ರು ಎಂದೇ ಹೆಸರು. "ಸಾರ್, ಚೆನ್ನಾಗಿದ್ದೀರಾ?" ಎಂದರೆ "ಸೋಮವಾರದ ತನಕ ಚೆನ್ನಾಗಿದ್ದೆ, ಡಾಕ್ಟರ ಚೀಟಿ ಇದೆ. ಆಮೇಲಿಂದು ಹೇಳೋಕಾಗಲ್ಲ" ಎನ್ನುವ ಆಸಾಮಿ. ಮೇಜಿನ ಮೇಲೆ 'ಆಧಾರವಿಲ್ಲ' ಎಂಬ ರಬ್ಬರ್ ಸ್ಟಾಂಪು, ಪಕ್ಕದಲ್ಲಿ ಕೆಂಪು ಪ್ಯಾಡು. ಅವರ ನಿಯಮ ಸರಳ. ಪ್ರತಿ ವಾಕ್ಯಕ್ಕೂ ಒಂದು ದಾಖಲೆ ಲಗತ್ತಿಸಬೇಕು, ಇಲ್ಲವೇ ಕಣ್ಣಾರೆ ಕಂಡವರೊಬ್ಬರು ಸಹಿ ಹಾಕಬೇಕು. ಎರಡೂ ಇಲ್ಲದ ವಾಕ್ಯಕ್ಕೆ ಸ್ಟಾಂಪು.

ಈ ಸಲ ಹುಳ ಹೊರಗೆಲ್ಲೂ ಹೋಗಲಿಲ್ಲ. ಮನೆಯಲ್ಲೇ ಇದ್ದ ಮಾವನನ್ನು ಹಿಡಿದಳು. ಮಾವ ಎಂದರೆ ಅಮ್ಮನ ತಮ್ಮ. ಕಾಲೇಜು ಇದ್ದ ಊರಲ್ಲೇ ಅವನ ಮನೆ, ಹಾಗಾಗಿ ಹುಳ ಓದುತ್ತಿದ್ದದ್ದು ಅಲ್ಲಿದ್ದುಕೊಂಡೇ. ಮಾವ ಸರ್ಕಾರಿ ಕಟ್ಟಡವೊಂದರ ಲಿಫ್ಟ್ ಆಪರೇಟರ್. ಆರು ಮಹಡಿಯ ಕಟ್ಟಡ, ಕಬ್ಬಿಣದ ಜಾಲರಿ ಬಾಗಿಲಿನ ಹಳೆಯ ಲಿಫ್ಟು, ಒಳಗೊಂದು ಮರದ ಸ್ಟೂಲು. ಆ ಸ್ಟೂಲಿನ ಮೇಲೆ ಇಪ್ಪತ್ತೊಂಬತ್ತು ವರ್ಷ. ಇನ್ನು ಎರಡೂವರೆ ತಿಂಗಳಿಗೆ ನಿವೃತ್ತಿ. ಆಮೇಲೆ ಆ ಲಿಫ್ಟನ್ನು ಕಿತ್ತು, ಗುಂಡಿ ಒತ್ತಿದರೆ ತಾನೇ ಓಡುವ ಹೊಸದನ್ನು ಕೂರಿಸುವವರಿದ್ದರು.

"ನಮ್ಮಂಥೋರ ಬಗ್ಗೆ ಬರೆಯೋಕೆ ಏನಿದೆ ಮಗೂ? ಹತ್ತಿದ, ಇಳಿದ. ಕತೆ ಮುಗೀತು" ಎಂದ ಮಾವ. ಹಾಗೆಂದವನು ಮಾರನೆಯ ದಿನವೇ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ.

ಅವನ ಹೆಂಡತಿ, ಅಂದರೆ ಹುಳದ ಅತ್ತೆ, ಅದೇ ಕಟ್ಟಡದ ಆರನೇ ಮಹಡಿಯಲ್ಲಿ ಟೈಪಿಸ್ಟು. ಇಬ್ಬರೂ ಬೆಳಗ್ಗೆ ಒಟ್ಟಿಗೇ ಮನೆ ಬಿಡುತ್ತಿದ್ದರು. ಕಟ್ಟಡದ ಬಾಗಿಲು ದಾಟಿದ ಮೇಲೆ ಅವನು ಬಲಕ್ಕೆ ಲಿಫ್ಟಿಗೆ, ಅವಳು ಎಡಕ್ಕೆ ಮೆಟ್ಟಿಲಿಗೆ. ನೂರ ಮೂವತ್ತೆರಡು ಮೆಟ್ಟಿಲು. ಲಿಫ್ಟಿನವನ ಹೆಂಡತಿ ಒಂದು ದಿನವೂ ಲಿಫ್ಟಿಗೆ ಕಾಲಿಟ್ಟವಳಲ್ಲ. ಕೇಳಿದರೆ "ಡಬ್ಬೀಲಿ ಹಾಕಿ ಮುಚ್ಚೋಕೆ ನಾನೇನು ಸಕ್ಕರೆಯಾ?" ಎನ್ನುತ್ತಿದ್ದಳು.

ಹುಳ ಇಪ್ಪತ್ತೆರಡು ಪುಟ ಬರೆದಳು. ಆನೆ ಇಲ್ಲ, ಪ್ರೇಯಸಿ ಇಲ್ಲ, ಅಪ್ಪಟ ನಿಜ. ಮೇಷ್ಟ್ರು ಓದುತ್ತ ಹೋದರು, ಸ್ಟಾಂಪು ಕುಟ್ಟುತ್ತ ಹೋದರು. 'ಮಾವ ಎತ್ತರದ ಮನುಷ್ಯ.' ಆಧಾರವಿಲ್ಲ. ಹುಳ ಮತ್ತೆ ಆ ದರ್ಜಿಯ ಅಂಗಡಿಗೇ ಹೋಗಿ ಕೈಕಾಲು ಹಿಡಿದು ಮಾವನ ಅಳತೆಯ ಚೀಟಿ ಬರೆಸಿಕೊಂಡು ಬಂದಳು. 'ಮಾವನಿಗೆ ಟೀ ಎಂದರೆ ಪ್ರಾಣ.' ಆಧಾರವಿಲ್ಲ. ಕಟ್ಟಡದ ಕ್ಯಾಂಟೀನಿನವನು ಸಹಿ ಹಾಕಿದ, ಆದರೆ ಮೇಲೆ ಒಂದು ಸಾಲು ಸೇರಿಸಿದ: 'ಪ್ರಾಣವೋ ಏನೋ ಗೊತ್ತಿಲ್ಲ, ಕುಡಿಯುತ್ತಾರೆ.' ಮೇಷ್ಟ್ರು 'ಎಂದರೆ ಪ್ರಾಣ' ಎಂಬುದನ್ನು ಹೊಡೆದು ಹಾಕಿ 'ಕುಡಿಯುತ್ತಾನೆ' ಎಂದು ಬರೆದು, "ಈಗ ನೋಡು, ಎಷ್ಟು ಗಟ್ಟಿಯಾಯ್ತು ವಾಕ್ಯ" ಎಂದರು. ಇಪ್ಪತ್ತೆರಡು ಪುಟ ಹನ್ನೊಂದು ವಾಕ್ಯಕ್ಕೆ ಇಳಿಯಿತು. ಹುಳ ಆ ರಾತ್ರಿ ಊಟ ಮಾಡಲಿಲ್ಲ.

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀತಾರೆ ಅಂತ ಗಾದೆ ಇಲ್ವೇನೇ?" ಎಂದಳು ಅತ್ತೆ. "ಏಳು, ತಿನ್ನು. ಒದೆಸಿಕೊಳ್ಳೋಕಾದ್ರೂ ಶಕ್ತಿ ಬೇಕು."

ಹೊಟ್ಟೆಗೆ ಬಿದ್ದ ಮೇಲೆ ಬುದ್ಧಿ ಬಂತು. ಮಾವನ ಬದುಕಿಗೆ ದಾಖಲೆ ಇರಲಿಲ್ಲವೆಂದೇನಿಲ್ಲ. ಲಿಫ್ಟಿಗೊಂದು ಪುಸ್ತಕವಿತ್ತು. ಆಪರೇಟರ್ ಪ್ರತಿ ಸಲ ಆರನೇ ಮಹಡಿ ಮುಟ್ಟಿದಾಗ 'ಹತ್ತು' ಕಾಲಮ್ಮಿನಲ್ಲಿ ಒಂದು ಗೀಟು, ಕೆಳಗೆ ಬಂದಾಗ 'ಇಳಿ' ಕಾಲಮ್ಮಿನಲ್ಲಿ ಒಂದು ಗೀಟು ಹಾಕಬೇಕು. ಸಂಜೆ ಕೂಡಿಸಿ ಸಹಿ ಮಾಡಬೇಕು. ಬದಲಿ ಆಪರೇಟರಿಗೆ ಬೇರೆ ಪುಸ್ತಕ. ಒಬ್ಬರ ಹತ್ತು-ಇಳಿ ಇನ್ನೊಬ್ಬರ ಪುಸ್ತಕದಲ್ಲಿ ಸೇರುವಂತಿಲ್ಲ. ಈ ಗೀಟುಗಳನ್ನು ಯಾರು ನೋಡುತ್ತಾರೆ, ಯಾಕೆ ಹಾಕಬೇಕು ಎಂದು ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹನ್ನೊಂದು ದಪ್ಪ ಪುಸ್ತಕ. ಹುಳ ನಾಲ್ಕು ಭಾನುವಾರ ಕೂತು ಕೂಡಿಸಿದಳು. ಹತ್ತಿದ್ದು ಐದು ಲಕ್ಷದ ಹತ್ತೊಂಬತ್ತು ಸಾವಿರದ ಆರುನೂರ ಎಂಬತ್ತೊಂದು ಸಲ. ಇಳಿದದ್ದು ಐದು ಲಕ್ಷದ ಹತ್ತೊಂಬತ್ತು ಸಾವಿರದ ಆರುನೂರ ಎಂಬತ್ತು.

ಇನ್ನೊಮ್ಮೆ ಕೂಡಿಸಿದಳು. ಅಷ್ಟೇ ಬಂತು.

ಸಣ್ಣ ವಿಷಯವೆಂದುಕೊಂಡು ಮೇಷ್ಟ್ರ ಮುಂದೆ ಇಟ್ಟಳು. ಅವತ್ತು ಮಾವನೂ ಕ್ಷೌರದ ತಲೆ ಬಾಚಿಕೊಂಡು ಜೊತೆಗೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮೇಷ್ಟ್ರು ಅಂಕಿಗಳ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.

"ದಾಖಲೆ ಪ್ರಕಾರ ನಿಮ್ಮ ಮಾವ ಇನ್ನೂ ಆರನೇ ಮಹಡೀಲಿ ಇದ್ದಾರೆ."

"ಸಾರ್, ಮಾವ ಇಲ್ಲೇ ಹೊರಗೆ ಕೂತಿದ್ದಾರೆ."

ಮೇಷ್ಟ್ರು ಎದ್ದು ಬಾಗಿಲಿನಿಂದ ತಲೆ ಹೊರಗೆ ಹಾಕಿ ನೋಡಿದರು. ಮಾವ ಎದ್ದು ನಮಸ್ಕಾರ ಮಾಡಿದ. ಮೇಷ್ಟ್ರು ವಾಪಸು ಬಂದು ಕೂತರು.

"ಕೂತಿರಬಹುದು. ಆದ್ರೆ ಇಳಿದಿಲ್ಲ. ಒಂದು ಸಲ ಹತ್ತಿದೋನು ಹೇಗೆ ಇಳಿದ ಅಂತ ಪುರಾವೆ ತಗೊಂಡು ಬಾ. ಅದಿಲ್ದಿದ್ರೆ ಈ ಮನುಷ್ಯ ಕೆಳಗೆ ಮಾಡಿದ್ದೆಲ್ಲ ಸುಳ್ಳಾಗುತ್ತೆ. ಟೀ ಕುಡಿದದ್ದೂ ಸೇರಿ. ಕ್ಯಾಂಟೀನು ಎಲ್ಲಿದೆ?"

"ಕೆಳಗಡೆ ಸಾರ್."

"ನೋಡಿದ್ಯಾ?" ಎಂದು ಮೇಷ್ಟ್ರು ಕ್ಯಾಂಟೀನಿನವನ ಸಹಿಯ ಮೇಲೂ ಸ್ಟಾಂಪು ಕುಟ್ಟಿದರು. ಎರಡು ವಾರ ಗಡುವು ಕೊಟ್ಟರು. ಶುಕ್ರವಾರ ಕೊನೆಯ ದಿನ. ಮಾವನ ನಿವೃತ್ತಿ ಅದರ ಹಿಂದಿನ ಗುರುವಾರ.

ದಾರಿಯಲ್ಲಿ ಹುಳ ಕೇಳಿದಳು, "ಮಾವ, ಯಾವತ್ತು ನೀನು ಹತ್ತಿ ಇಳೀಲಿಲ್ಲ?" ಮಾವನ ಕಿವಿ ಕೆಂಪಾಯಿತು. "ಯಾರಿಗೆ ನೆನಪಿರುತ್ತೆ ಮಗೂ, ಒಂದು ಗೀಟು ಮರ್ತಿರ್ತೀನಿ ಬಿಡು" ಎಂದು ಬೀದಿಯ ಆ ಕಡೆಗೆ ದಾಟಿಬಿಟ್ಟ. ಆ ಕಡೆ ಅವನಿಗೆ ಏನೂ ಕೆಲಸವಿರಲಿಲ್ಲ.

ಮನೆಗೆ ಬಂದು ಅತ್ತೆಯನ್ನು ಕೇಳಿದಳು. ಅತ್ತೆ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲೂ ಇಲ್ಲ. "ಅದರಲ್ಲೇನಿದೆ ಗುಟ್ಟು? ಕರೆಂಟು ಹೋದ ದಿನ ಅದು. ನಾನು ಸಂಜೆ ಮೆಟ್ಟಿಲು ಇಳೀತಿದ್ದೆ. ಹಿಂದೆ ಯಾರೋ ಧಡಧಡ ಬರ್ತಿದ್ದಾರೆ ಅಂತ ತಿರುಗಿದ್ರೆ ನಿಮ್ಮ ಮಾವ. ಏನ್ರೀ ನೀವು ಮೆಟ್ಟಿಲಲ್ಲಿ ಅಂದ್ರೆ, ಕರೆಂಟು ಹೋಗಿದೆ ಅಂದ್ರು. ಇಳೀತಾ ಇಳೀತಾ ಮಾತು ಬೆಳೀತು. ಕೆಳಗೆ ಬರೋ ಹೊತ್ತಿಗೆ ಮದುವೆ ಮಾಡ್ಕೋತೀರಾ ಅಂತ ಕೇಳಿದ್ರು." ಅತ್ತೆ ಒಂದು ದಿಂಬಿನ ಕವರನ್ನು ಬೇಕಾದ್ದಕ್ಕಿಂತ ಜೋರಾಗಿ ಕೊಡವಿದಳು. "ಕರೆಂಟು ಇದ್ದಿದ್ರೆ ಆ ಮನುಷ್ಯ ತನ್ನ ಡಬ್ಬಿ ಬಿಟ್ಟು ಬರ್ತಿದ್ರಾ? ನಾನು ಯಾರು ಅಂತಾನೂ ಗೊತ್ತಾಗ್ತಿರಲಿಲ್ಲ. ನನ್ನ ಮದುವೆ ಮಾಡಿಸಿದ್ದು ಇವರ ಮನಸ್ಸಲ್ಲ ಕಣೇ, ಕರೆಂಟಿನ ಇಲಾಖೆ."

ಇದು ಹುಳಕ್ಕೆ ಹೊಸ ಮಾತೇನಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ, ಮಾವ ಛತ್ರಿ ಮರೆತು ಬಂದರೂ, ಜಗಳ ಕೊನೆಗೆ ಕರೆಂಟಿನ ಇಲಾಖೆಗೇ ಬಂದು ನಿಲ್ಲುತ್ತಿತ್ತು. ಎಲ್ಲರೂ ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದಳು. ಆದರೆ ಇವತ್ತು ಕವರು ಕೊಡವಿದ ರೀತಿ ನೋಡಿ ಹುಳಕ್ಕೆ ನಗು ಬರಲಿಲ್ಲ. ಇಪ್ಪತ್ತೇಳು ವರ್ಷದಿಂದ ಅತ್ತೆ ಇದನ್ನು ತಮಾಷೆಗೆ ಹೇಳುತ್ತಿರಲಿಲ್ಲ.

ಕರೆಂಟು ಹೋದದ್ದಕ್ಕಾದರೂ ದಾಖಲೆ ಇರಬೇಕಲ್ಲ ಎಂದು ಹುಳ ಕಟ್ಟಡದ ರೆಕಾರ್ಡ್ ರೂಮಿಗೆ ಹೋದಳು. ಅಲ್ಲಿನ ಗುಮಾಸ್ತ ಧೂಳಿಗೆ ಹೆದರಿ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಬದುಕುತ್ತಿದ್ದ. ಮಾವನ ಫೈಲು ತೆಗೆದು ಮೇಜಿನ ಮೇಲೆ ಹಾಕಿದ. "ಇಷ್ಟು ತೆಳ್ಳಗಿನ ಫೈಲು ಈ ಕಟ್ಟಡದಲ್ಲೇ ಇಲ್ಲ ನೋಡಮ್ಮ. ಚಿನ್ನದಂಥ ಮನುಷ್ಯ. ಒಂದೇ ಒಂದು ಮೆಮೊ."

"ಮೆಮೊನಾ? ನಮ್ಮ ಮಾವನಿಗಾ?"

ಹಳದಿಯಾದ ಕಾಗದ. ಹುಳ ನಿಂತಲ್ಲೇ ಓದಿದಳು. 'ಈ ದಿನ ಸಂಜೆ 4.40ರ ಸಮಯದಲ್ಲಿ ಲಿಫ್ಟ್ ಆರನೇ ಮಹಡಿಯಲ್ಲಿ, ಬಾಗಿಲು ತೆರೆದ ಸ್ಥಿತಿಯಲ್ಲಿ, ಆಪರೇಟರ್ ಇಲ್ಲದೆ ಕಂಡುಬಂದಿರುತ್ತದೆ. ವಿದ್ಯುತ್ ಸರಬರಾಜು ಇತ್ತು. ಲಿಫ್ಟ್ ಸುಸ್ಥಿತಿಯಲ್ಲಿತ್ತು. ಬದಲಿ ಆಪರೇಟರ್ ಲಿಫ್ಟನ್ನು ಕೆಳಗೆ ತಂದಿರುತ್ತಾರೆ. ಕರ್ತವ್ಯ ಬಿಟ್ಟು ಹೋದದ್ದಕ್ಕೆ ಕಾರಣ ತಿಳಿಸತಕ್ಕದ್ದು.' ಕೆಳಗೆ ಮಾವನ ಗುಂಡು ಅಕ್ಷರದ ಉತ್ತರ: 'ಮೆಟ್ಟಿಲಲ್ಲಿ ಕೆಲಸವಿತ್ತು.' ಅದರ ಪಕ್ಕ ಅಧಿಕಾರಿ ಹಸಿರು ಶಾಯಿಯಲ್ಲಿ 'ಏನು ಕೆಲಸ?' ಎಂದು ಬರೆದಿದ್ದರು. ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಹುಳ ಅಲ್ಲೇ ಫೈಲುಗಳ ಕಟ್ಟಿನ ಮೇಲೆ ಕೂತುಬಿಟ್ಟಳು. ಎಷ್ಟು ಕಾದಂಬರಿ ಓದಿದ್ದಳು! ಹುಣ್ಣಿಮೆ, ನದಿ, ಪತ್ರ, ಕಣ್ಣೀರು ಎಲ್ಲ ನೋಡಿದ್ದಳು. 'ಲಿಫ್ಟ್ ಸುಸ್ಥಿತಿಯಲ್ಲಿತ್ತು' ಎಂಬ ಸಾಲಿಗೆ ಹೀಗೆ ಕಣ್ಣು ತುಂಬುತ್ತದೆ ಎಂದು ಯಾವ ಕಾದಂಬರಿಯೂ ಹೇಳಿರಲಿಲ್ಲ. ಅದನ್ನು ಬರೆದ ಗುಮಾಸ್ತನಿಗೂ ತಾನು ಏನು ಬರೆಯುತ್ತಿದ್ದೇನೆಂದು ಗೊತ್ತಿರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿದವನು "ಧೂಳಮ್ಮ, ಕಣ್ಣಿಗೆ ಹೋಗುತ್ತೆ" ಎಂದು ಒಂದು ಬಟ್ಟೆ ಚೂರು ಕೊಟ್ಟ. ಕಚೇರಿಯ ಮೊಹರು ಹಾಕಿ ಮೆಮೊದ ನಕಲನ್ನೂ ಕೊಟ್ಟ.

ಮಾವ ಕಾಗದ ನೋಡಿ ಭೂಮಿಗಿಳಿದುಹೋದ. ಆಮೇಲೆ ಬಾಯಿಬಿಟ್ಟ. ಅತ್ತೆ ಸಂಜೆ ಇಳಿಯುವ ಸಮಯ ಅವನಿಗೆ ಗೊತ್ತಿತ್ತು. ಎರಡು ವರ್ಷದಿಂದ ಜಾಲರಿಯ ಸಂದಿಯಲ್ಲಿ ನೋಡುತ್ತಿದ್ದ. ಲಿಫ್ಟಿಗೆ ಬರದವಳ ಜೊತೆ ಲಿಫ್ಟಿನವನು ಮಾತಾಡುವುದು ಹೇಗೆ? ಅವತ್ತು ಅವಳು ಮೆಟ್ಟಿಲ ತಿರುವಿನಲ್ಲಿ ಮರೆಯಾದದ್ದೇ ತಡ, ಸ್ಟೂಲು ಬಿಟ್ಟು ಎದ್ದು ಓಡಿದ. ಅವಳು ತಿರುಗಿ ಕೇಳಿದಾಗ ನಾಚಿಕೆಗೆ ಬಾಯಿಗೆ ಬಂದದ್ದು ಕರೆಂಟು. ಮಾರನೆಯ ದಿನ ಮೆಮೊ ಬಂತು. ಅದರ ಮಾರನೆಯ ದಿನ ಹೆಣ್ಣು ಕೇಳಲು ಹೋದ. ಅವಳಪ್ಪ ನಿವೃತ್ತ ಹೆಡ್ ಗುಮಾಸ್ತ. ಆ ಮನುಷ್ಯ ಕೇಳಿದ್ದು ಒಂದೇ ಪ್ರಶ್ನೆ: "ಸರ್ವಿಸಿನಲ್ಲಿ ಎಷ್ಟು ಮೆಮೊ?" ಮಾವ "ಒಂದೂ ಇಲ್ಲ" ಎಂದ. ಹೆಣ್ಣು ಕೊಟ್ಟರು.

"ಅಲ್ಲಿಂದ ಇಲ್ಲೀವರೆಗೂ ಒಂದೂ ಮೆಮೊ ಇಲ್ದೋನು ಅಂತ ತಲೆ ಎತ್ಕೊಂಡು ಓಡಾಡಿದೀನಿ ಕಣೇ. ಕಟ್ಟಡಕ್ಕೆಲ್ಲ ಅದೇ ನನ್ನ ಹೆಸರು. ಇನ್ನು ಹನ್ನೊಂದು ದಿನ. ಬಿಟ್ಬಿಡು ಮಗೂ."

"ಬಿಟ್ರೆ ನನ್ನ ಹೆಸರು ಹೋಗುತ್ತೆ ಮಾವ. ಅದು ಹಾಳಾಗಿ ಹೋಗ್ಲಿ. ಅತ್ತೆಗೆ ಗೊತ್ತಾಗೋದು ಬೇಡ್ವಾ, ಕರೆಂಟು ಇತ್ತು ಅಂತ?"

ಮಾವ ಅಂಗೈ ನೋಡಿಕೊಂಡ. ಜಾಲರಿ ಎಳೆದೂ ಎಳೆದೂ ಅಂಗೈಯಲ್ಲಿ ಅಡ್ಡಕ್ಕೊಂದು ಗಟ್ಟಿ ಗೆರೆ ಬಿದ್ದಿತ್ತು. "ಅವಳ ಅಪ್ಪನ ಮುಂದೆ ಸುಳ್ಳು ಹೇಳಿ ಅವಳನ್ನ ಕಟ್ಕೊಂಡೆ ಅಂತಾನೂ ಗೊತ್ತಾಗುತ್ತಲ್ಲ" ಎಂದ.

ಭಾನುವಾರ ಬೆಳಗ್ಗೆ ಅತ್ತೆ ಅಚ್ಚುಕಟ್ಟು ಪ್ರತಿ ಟೈಪ್ ಮಾಡಲು ಕೂತಳು. ಅದು ಮೊದಲೇ ಆಗಿದ್ದ ಒಪ್ಪಂದ. ಹನ್ನೆರಡು ಹಾಳೆಯ ಕಟ್ಟಿನಲ್ಲಿ ಒಂಬತ್ತನೆಯದಾಗಿ ಹುಳ ಮೆಮೊದ ನಕಲನ್ನು ಸೇರಿಸಿದಳು. ಸೇರಿಸಿ, ಬಾಗಿಲ ಹತ್ತಿರ ಒಂದು ಕಾದಂಬರಿಯನ್ನು ತಲೆಕೆಳಗೆ ಹಿಡಿದುಕೊಂಡು ಕೂತಳು. ಅಡುಗೆಮನೆಯಲ್ಲಿ ಮಾವ ಈರುಳ್ಳಿ ಹೆಚ್ಚುತ್ತಿದ್ದ. ಟೈಪ್‌ರೈಟರು ಟಕಟಕ ಓಡುತ್ತಿತ್ತು. ಅತ್ತೆಯ ಕೈ ಎಂದರೆ ಅದು, ಕಣ್ಣು ಕಂಡದ್ದನ್ನು ತಲೆಗೆ ಕೇಳದೆ ಹೊಡೆಯುವ ಕೈ. ಎಂಟು ಹಾಳೆ ಹಾಗೇ ಓಡಿತು. ಒಂಬತ್ತನೆಯದರಲ್ಲೂ ಓಡಿತು. ಸಂಜೆ 4.40, ಓಡಿತು. ವಿದ್ಯುತ್ ಸರಬರಾಜು ಇತ್ತು. ಅಲ್ಲಿ ನಿಂತಿತು.

ಅಡುಗೆಮನೆಯಲ್ಲಿ ಚಾಕುವೂ ನಿಂತಿತು.

ಎಷ್ಟೋ ಹೊತ್ತಿನ ಮೇಲೆ ಒಂದೊಂದೇ ಅಕ್ಷರ, ಹೊಸದಾಗಿ ಕಲಿಯುವವರ ಹಾಗೆ, ಟಕ್, ಟಕ್ ಎಂದು ಮುಂದಿನ ವಾಕ್ಯ ಬಿತ್ತು. ಆಮೇಲೆ ಅತ್ತೆ ತಿರುಗದೆಯೇ ಕೇಳಿದಳು. "ಏನು ಕೆಲಸ ಇತ್ತು ರೀ ಮೆಟ್ಟಿಲಲ್ಲಿ?"

"ಈರುಳ್ಳಿ ಖಾರ ಇದೆ ಕಣೇ" ಎಂದ ಮಾವ ಒಳಗಿನಿಂದ. ದನಿ ಒಡೆದಿತ್ತು.

ಅತ್ತೆ ಹೊಸ ಹಾಳೆ ಏರಿಸಿದಳು. ಉಳಿದ ಹಾಳೆಗಳನ್ನು ಮುಗಿಸಿದಳು. ಮೂರು ದಿನ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಮಾವನ ಮುಖ ಬಾಡಿತು. ಸಾರಿಗೆ ಉಪ್ಪು ಎರಡು ಸಲ ಹೆಚ್ಚಾಯಿತು, ಕರೆಂಟಿನ ಇಲಾಖೆಯ ಹೆಸರೇ ಬರಲಿಲ್ಲ. ಕೆಟ್ಟದ್ದು ಮಾಡಿದೆನೋ ಒಳ್ಳೆಯದು ಮಾಡಿದೆನೋ ತಿಳಿಯದೆ ಹುಳ ಉಗುರೆಲ್ಲ ಕಚ್ಚಿ ಮುಗಿಸಿದಳು. ಗುರುವಾರ ಬೆಳಗ್ಗೆ ಚಪ್ಪಲಿ ಹಾಕಿಕೊಳ್ಳುತ್ತ ಅತ್ತೆ ಗೋಡೆಗೆ ಹೇಳುವ ಹಾಗೆ ಹೇಳಿದಳು, "ಲೆಕ್ಕ ತಾಳೆ ಆಗದ ಕಾಗದ ನನ್ನ ಕೈಯಿಂದ ಹೊರಗೆ ಹೋಗಿಲ್ಲ. ಒಂದು ಇಳಿಯೋದು ಬಾಕಿ ಇದೆ. ಸಂಜೆ ಮೆಟ್ಟಿಲು ಹತ್ಕೊಂಡು ಬನ್ನಿ, ನನ್ನ ಕರ್ಕೊಂಡು ಹೋಗೋಕೆ. ಡಬ್ಬೀಲಿ ಇಳಿಯೋಣ."

ಸಂಜೆ ಹುಳವೂ ಕಾಲೇಜಿನಿಂದ ನೇರ ಅಲ್ಲಿಗೆ ಹೋದಳು. ಮಾವ ಲಿಫ್ಟನ್ನು ಬದಲಿಯವನ ಕೈಗೆ ಕೊಟ್ಟು, ಅವನ ಪುಸ್ತಕದಲ್ಲೇ ಗೀಟು ಹಾಕಿಸಿ ಖಾಲಿ ಮೇಲಕ್ಕೆ ಕಳಿಸಿ, ತಾನು ಮೆಟ್ಟಿಲು ಹಿಡಿದ. ಎರಡನೇ ಮಹಡಿಗೆ ಬೆವರಿದ. ಮೂರನೆಯದಕ್ಕೆ ಗೋಡೆ ಹಿಡಿದು ನಿಂತ. ಆ ತಿರುವಿನಲ್ಲಿ ಹತ್ತು ವರ್ಷದ ಹಿಂದೆ ಹಾಕಿದ ಒಂದು ಬಲ್ಬಿತ್ತು. ಅದರ ಸ್ವಿಚ್ಚು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಹಗಲೂ ರಾತ್ರಿ ಉರಿಯುತ್ತಿತ್ತು. ಅದರ ಕೆಳಗೆ ಮಾವ ಏದುಸಿರು ಬಿಡುತ್ತ, "ಇವಳು ದಿನಾ ಇದನ್ನ ಹತ್ತುತ್ತಾಳಾ? ನಾನು ಸ್ಟೂಲಿನ ಮೇಲೆ ಕೂತಿರ್ತೀನಲ್ಲೇ ಮಗೂ!" ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಇಲ್ಲಿ ಈರುಳ್ಳಿ ಇರಲಿಲ್ಲ.

ಆರನೇ ಮಹಡಿಯಲ್ಲಿ ಅತ್ತೆ ಕೈಚೀಲ ಹಿಡಿದು ಸಿದ್ಧವಾಗಿ ನಿಂತಿದ್ದಳು. ಬದಲಿಯವನು ಲಿಫ್ಟು ಒಪ್ಪಿಸಿ, ಮರ್ಯಾದೆಗೆ ಎಂಬಂತೆ ಮೆಟ್ಟಿಲಿಳಿದು ಹೋದ. ಅತ್ತೆ ಕಣ್ಣುಮುಚ್ಚಿಕೊಂಡು ಒಳಗೆ ಕಾಲಿಟ್ಟಳು, ತಣ್ಣೀರಿಗೆ ಇಳಿಯುವವರ ಹಾಗೆ. ಹುಳವೂ ಹಿಂದೆಯೇ ನುಗ್ಗಲು ಹೋದಳು.

"ನೀನು ಮೆಟ್ಟಿಲಲ್ಲಿ ಬಾ" ಎಂದಳು ಅತ್ತೆ ಕಣ್ಣು ತೆರೆಯದೆ.

"ಯಾಕತ್ತೆ?"

"ಕೆಲಸ ಇದೆ ನಿನಗೆ ಮೆಟ್ಟಿಲಲ್ಲಿ."

ಜಾಲರಿ ಮುಚ್ಚಿತು. ಲಿಫ್ಟು ನರಳುತ್ತ ಇಳಿಯಿತು. ಹುಳ ಎರಡೆರಡು ಮೆಟ್ಟಿಲು ಹಾರುತ್ತ ಮೂರನೇ ಮಹಡಿಯ ತಿರುವಿಗೆ ಬಂದಾಗ ನರಳುವ ಸದ್ದು ನಿಂತುಹೋಯಿತು. ಲಿಫ್ಟು ನಾಲ್ಕಕ್ಕೂ ಮೂರಕ್ಕೂ ನಡುವೆ ತೂಗಿ ನಿಂತಿತ್ತು. ಅತ್ತೆ ಒಮ್ಮೆ ಕಿರುಚಿದಳು. ಮಾವ ಏನೋ ಹೇಳಿದ. ಆಮೇಲೆ ಇಬ್ಬರ ದನಿಯೂ ತಗ್ಗಿತು. ಹುಳ ಕಿವಿಗೊಟ್ಟು ಕೇಳಿದಳೇ? ಕಾದಂಬರಿ ಓದುವವಳು ಸ್ವಾಮಿ, ಕಿವಿಗೊಡದೆ ಇರುತ್ತಾಳೆಯೇ! ಗೋಡೆಗೆ ಕಿವಿ ಅಂಟಿಸಿದಳು. ಮಾವನ ಗೊಣಗು, ಅತ್ತೆಯ ಗೊಣಗು, ಮತ್ತೆ ಮಾವನದು. ಒಂದಕ್ಷರ ಬಿಡಿಸಲಾಗಲಿಲ್ಲ. ಇಪ್ಪತ್ತು ನಿಮಿಷ ಕಳೆಯಿತು. ಆಮೇಲೆ ಅತ್ತೆ ನಕ್ಕಳು. ಜಗಳದ ಕೊನೆಗೆ ಎಲ್ಲರ ಜೊತೆ ನಗುವ ನಗುವಲ್ಲ. ಈ ನಗುವನ್ನು ಹುಳ ಆ ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ.

ನರಳುವ ಸದ್ದು ಮತ್ತೆ ಶುರುವಾದಾಗ ಅವಳಿಗೆ ಹೊಳೆಯಿತು. ತಲೆ ಎತ್ತಿ ನೋಡಿದಳು. ಅವಳ ನೆತ್ತಿಯ ಮೇಲೆ ಬಲ್ಬು ಅಷ್ಟು ಹೊತ್ತೂ ಉರಿಯುತ್ತಲೇ ಇತ್ತು.

ಕೆಳಗೆ ಓಡಿ ಬರುವ ಹೊತ್ತಿಗೆ ಜಾಲರಿ ತೆರೆದಿತ್ತು. ಮಾವ ಪುಸ್ತಕ ತೆರೆದು 'ಇಳಿ' ಕಾಲಮ್ಮಿನಲ್ಲಿ ಗೀಟು ಹಾಕಿದ. ಎರಡೂ ಕಡೆ ಸಮವಾಯಿತು. ಬದಲಿಯವನು ಬಂದು, "ಏನಣ್ಣ, ಇಷ್ಟು ಹೊತ್ತು ಮಧ್ಯೆ ನಿಂತುಬಿಟ್ರಿ? ತಡ ಆದ್ರೆ ಕಾರಣ ಬರೀಬೇಕಲ್ಲ ಷರಾ ಕಾಲಮ್ಮಿನಲ್ಲಿ" ಎಂದ.

ಮಾವ ಪೆನ್ನು ಹಿಡಿದು ತಡವರಿಸಿದ. ಇಪ್ಪತ್ತೊಂಬತ್ತು ವರ್ಷ ಅವನು ಆ ಪುಸ್ತಕದಲ್ಲಿ ಒಂದು ಗೀಟನ್ನೂ ಸುಳ್ಳು ಹಾಕಿದವನಲ್ಲ.

"ಕರೆಂಟು ಹೋಗಿತ್ತು" ಎಂದಳು ಅತ್ತೆ.

ಅವಳು ನಿಂತಿದ್ದದ್ದು ಫ್ಯಾನಿನ ಕೆಳಗೆ. ಫ್ಯಾನಿನ ಗಾಳಿಗೆ ಮುಂಗುರುಳು ಹಾರಿ ಹಾರಿ ಕಣ್ಣಿಗೆ ಬೀಳುತ್ತಿತ್ತು. ಅದನ್ನು ಹಿಂದಕ್ಕೆ ತಳ್ಳಿಕೊಳ್ಳುತ್ತ, ಮುಖ ಒಂದಿಷ್ಟೂ ಬದಲಿಸದೆ ಹೇಳಿದಳು. ಬದಲಿಯವನು ಫ್ಯಾನು ನೋಡಿದ. ಮಾವ ಫ್ಯಾನು ನೋಡಿದ. ಹುಳವೂ ನೋಡಿದಳು.

"ಬರ್ಕೊಳ್ರೀ. ಕರೆಂಟು ಹೋಗಿತ್ತು. ನಾನು ಒಳಗೇ ಇದ್ನಲ್ಲ, ಸಹಿ ಹಾಕ್ತೀನಿ."

ಮಾವ ತನ್ನ ಗುಂಡು ಅಕ್ಷರದಲ್ಲಿ ಬರೆದ: 'ವಿದ್ಯುತ್ ಇರಲಿಲ್ಲ.' ಅತ್ತೆ ಅದರ ಕೆಳಗೆ ಸಹಿ ಹಾಕಿದಳು.

ಶುಕ್ರವಾರ ಪುರಾವೆ ಮೇಷ್ಟ್ರು ಹದಿಮೂರು ಹಾಳೆಯನ್ನೂ ಒಂದೊಂದಾಗಿ ತಿರುವಿದರು. ಮೆಮೊವನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕಾದಂಬರಿ ಇದ್ದ ಹಾಗಿದೆಯಲ್ಲ" ಎಂದು ಸ್ಟಾಂಪು ಎತ್ತಿದವರು ಕಚೇರಿಯ ಮೊಹರು ಕಂಡು ಕೆಳಗಿಟ್ಟರು. ಕ್ಯಾಂಟೀನಿನವನ ಸಹಿಗೂ ಜೀವ ಬಂತು. ಕೊನೆಯ ಹಾಳೆಯಲ್ಲಿ ಒಂದೇ ವಾಕ್ಯವಿತ್ತು: 'ಮಾವ ಕೊನೆಯ ಸಲ ಇಳಿಯುವಾಗ ಕರೆಂಟು ಹೋಗಿ ಲಿಫ್ಟು ಇಪ್ಪತ್ತು ನಿಮಿಷ ನಿಂತಿತ್ತು, ಒಳಗೆ ಅತ್ತೆ ಇದ್ದಳು.' ಮೇಷ್ಟ್ರಿಗೆ ತುಂಬ ಸಂತೋಷವಾಯಿತು. ಪುಸ್ತಕದ ನಕಲಿದೆ, ಒಳಗಿದ್ದವರ ಸಹಿ ಇದೆ, ಹೊರಗಿದ್ದವರ ಸಹಿಯೂ ಇದೆ. "ಇಡೀ ಬರಹದಲ್ಲಿ ಇದೊಂದೇ ನೋಡು, ಯಾರೂ ಪ್ರಶ್ನೆ ಮಾಡೋಕಾಗದ ವಾಕ್ಯ" ಎಂದು ಅದರ ಪಕ್ಕ ಪೂರ್ತಿ ಅಂಕ ಹಾಕಿದರು.

ಆ ವಾಕ್ಯದ ಕೆಳಗೆ ಮೂರು ಸಹಿಗಳಿದ್ದವು. ಮಾವನದು, ಅತ್ತೆಯದು, ಮೂರನೆಯದು ಹುಳದ್ದು.